ವೈನ್ ವೈನಿಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹೋದ ಫೆಬ್ರುವರಿಯಲ್ಲಿ ನಾವಿಬ್ಬರೂ ನಾಲ್ಕು ದಿನ ರಜೆ ಹಾಕಿ ನಾಸಿಕ್‌ಗೆ ಹೋಗಿದ್ದೆವು. ಮಗಳನ್ನು ಗದಗಿನಲ್ಲಿ ಅಜ್ಜಿ ಮನೆಯಲ್ಲಿ ಬಿಟ್ಟಿದ್ದೆವು. ಆ ನಾಲ್ಕರಲ್ಲಿ ಒಂದು ಇಡೀ ದಿನ ವೈನ್ ರುಚಿ ನೋಡುವುದಕ್ಕೇ ಇಟ್ಟಿದ್ದೆವು. ಹುಬ್ಬಳ್ಳಿಗೆ ವಾಪಸ್ ಬಂದಿದ್ದೇ ತಡ, ಓಣಿಯಲ್ಲಿ, ಆಫೀಸಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ಎಲ್ಲಿ ನೋಡಿದ್ರೂ ಅವೇ ಪ್ರಶ್ನೆಗಳು. ನನ್ನ ಮೈದುನನ ಗೆಳೆಯರಂತೂ ಈಗ ನನ್ನನ್ನು 'ವೈನ್ ವೈನಿ' ಅಂತಲೇ ಕರೆಯುತ್ತಾರೆ (ನಮ್ಮ ಕಡೆ ಅತ್ತಿಗೆಗೆ ವೈನಿ ಅಂತಾರೆ). ಒಬ್ಬೊಬ್ಬರಿಗೆ ಹೇಳಿ ಸಾಕಾಯ್ತು, ಅದಕ್ಕೆ ಒಂದೇ ಕಡೆ ಬರೆದಿಟ್ಟಿದ್ದೇನೆ. ಪ್ರಶ್ನೆಗಳನ್ನು ಕೇಳಿದವರು ಕೇಳಿದ ಹಾಗೇ ಇಟ್ಟಿದ್ದೇನೆ.

## ಎಲ್ಲರೂ ಮೊದಲು ಕೇಳೋದು

ವೈನಿ, ಅಲ್ಲಿ ಹೋಗಿ ಮಾಡೋದಾದ್ರೂ ಏನ್ರಿ? ಕುಡಿಯೋದು ಬಿಟ್ಟು ಮತ್ತೇನೈತಿ?

ಮೊದಲು ತೋಟ ತೋರಿಸುತ್ತಾರೆ, ಆಮೇಲೆ ವೈನ್ ಮಾಡುವ ಜಾಗ, ಕೊನೆಗೆ ರುಚಿ. ತೋಟದಲ್ಲಿ ಬಳ್ಳಿಗಳ ಸಾಲು. ಒಳಗೆ ಎರಡಾಳು ಎತ್ತರದ ಸ್ಟೀಲ್ ಟ್ಯಾಂಕುಗಳು. ಅದರಾಚೆ ತಂಪು ಕೋಣೆಯಲ್ಲಿ ಅಡ್ಡ ಮಲಗಿಸಿಟ್ಟ ಓಕ್ ಮರದ ಪೀಪಾಯಿಗಳು, ಸಾಮಾನ್ಯವಾಗಿ ಒಂದೊಂದು 225 ಲೀಟರ್. ಆಮೇಲೆ ಒಂದು ಉದ್ದ ಕಟ್ಟೆಯ ಮುಂದೆ ನಿಲ್ಲಿಸಿ ಐದಾರು ಬಗೆ ವೈನ್ ಒಂದಾದ ಮೇಲೊಂದು ಸುರಿಯುತ್ತಾರೆ. ಒಂದು ಸಲಕ್ಕೆ ಹೆಚ್ಚುಕಡಿಮೆ 30 ಎಂಎಲ್. ನೋಡಬೇಕು, ಮೂಸಬೇಕು, ಬಾಯಲ್ಲಿ ಆಡಿಸಬೇಕು, ಬೇಕಾದ್ರೆ ನುಂಗಬೇಕು, ಬೇಡವಾದ್ರೆ ಉಗುಳಬೇಕು. ಮಾರ್ಕೆಟ್‌ನಲ್ಲಿ ಆಪೂಸ್ ಕೊಳ್ಳೋ ಮುಂಚೆ ಒಂದು ಹೋಳು ಕೊಯ್ದು ಕೈಗೆ ಕೊಡ್ತಾರಲ್ಲ, ಹಾಗೆ. ಆ ಹೋಳಿನಿಂದ ಯಾರೂ ಹೊಟ್ಟೆ ತುಂಬಿಸಿಕೊಳ್ಳಲ್ಲ ಅಲ್ವಾ.

ವೈನ್ ಶಾಪ್ ನಮ್ಮ ಮೂಲ್ಯಾಗೇ ಐತಿ, ಅಷ್ಟು ದೂರ ಯಾಕ ಹೋಗ್ಬೇಕಿತ್ತು?

ನಮ್ಮ ಕಡೆ 'ವೈನ್ ಶಾಪ್' ಅಂತ ಬೋರ್ಡ್ ಹಾಕಿದ ಅಂಗಡಿಯಲ್ಲಿ ಎಲ್ಲಾ ಸಿಗುತ್ತೆ, ವೈನ್ ಒಂದನ್ನು ಬಿಟ್ಟು. ಸಿಕ್ಕರೂ ಮೇಲಿನ ಹಲಗೆಯಲ್ಲಿ ಧೂಳು ಹಿಡಿದ ಎರಡು ಬಾಟಲಿ. ಈ ಬೋರ್ಡಿನ ದೆಸೆಯಿಂದಲೇ ನಾನು ವೈನ್ ಅಂದ ತಕ್ಷಣ ಎದುರಿನವರ ಮುಖ ಬದಲಾಗುವುದು. ವಿಸ್ಕಿ, ರಮ್ ಬಟ್ಟಿ ಇಳಿಸಿದವು, 40 ಶೇಕಡಾ ಸುಮಾರು ಆಲ್ಕೋಹಾಲ್. ವೈನ್ ಹುದುಗಿದ ದ್ರಾಕ್ಷಿ ರಸ, ಸಾಮಾನ್ಯವಾಗಿ 12ರಿಂದ 14 ಶೇಕಡಾ. ಹಾಗಂತ ಅದು ಶರಬತ್ತು ಅಂತ ತಿಳಿಯಬೇಡಿ, ಅಮಲು ಬರುತ್ತೆ, ಆ ವಿಷಯ ಮುಂದೆ ಹೇಳ್ತೀನಿ.

ಹುಬ್ಬಳ್ಳಿ ರೈಲ್ವೆ ಕಾಲೋನಿ ಕಡೆ ಕ್ರಿಸ್ಮಸ್‌ಗೆ ಮನೆಯಲ್ಲೇ ದ್ರಾಕ್ಷಿ ವೈನ್ ಮಾಡ್ತಾರಲ್ಲ, ಅದೂ ಇದೂ ಒಂದೇನಾ?

ಮೂಲ ಒಂದೇ. ಯೀಸ್ಟ್ ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಮಾಡುತ್ತೆ. ಮನೆಯ ಭರಣಿಯಲ್ಲಿ ಸಕ್ಕರೆ ಸುರಿಯುತ್ತಾರೆ, ಚಕ್ಕೆ ಲವಂಗ ಹಾಕುತ್ತಾರೆ, ಗೋಧಿನೂ ಹಾಕುವವರಿದ್ದಾರೆ. ವೈನರಿಯಲ್ಲಿ ಹಣ್ಣಿನ ಸಕ್ಕರೆಯ ಮೇಲೇ ಲೆಕ್ಕ, ಶಾಖವನ್ನು ಡಿಗ್ರಿ ಡಿಗ್ರಿಗೆ ಕಾಯುತ್ತಾರೆ. ನನಗೆ ಎರಡೂ ಇಷ್ಟ, ಆದ್ರೆ ಒಂದರ ನಾಲಿಗೆಯಿಂದ ಇನ್ನೊಂದನ್ನು ಅಳೆಯಬಾರದು.

ಮನೆಯಲ್ಲಿ ಹಿರಿಯರಿಗೆ ಏನಂತ ಹೇಳಿ ಹೋದ್ರಿ?

ತ್ರ್ಯಂಬಕೇಶ್ವರಕ್ಕೆ ಅಂತ! ಸುಳ್ಳಲ್ಲ, ಹೋಗಿಯೂ ಬಂದೆವು. ನಾಸಿಕ್‌ನಿಂದ ಸುಮಾರು 30 ಕಿಲೋಮೀಟರ್, ಗೋದಾವರಿ ಹುಟ್ಟುವ ಬ್ರಹ್ಮಗಿರಿಯ ಬುಡದಲ್ಲಿದೆ. ಪಂಚವಟಿ, ರಾಮಕುಂಡ ಊರಲ್ಲೇ ಇವೆ. ಅದೇ ಗೋದಾವರಿಗೆ ಕಟ್ಟಿದ ಗಂಗಾಪುರ ಡ್ಯಾಮಿನ ಸುತ್ತಮುತ್ತ ದೊಡ್ಡ ವೈನರಿಗಳು ಇರೋದು. ಹಾಗಾಗಿ ಒಂದು ದಿನ ದೇವರು, ಒಂದು ದಿನ ದ್ರಾಕ್ಷಿ ಅಂತ ಹಂಚಿಕೊಂಡೆವು. ಎರಡನ್ನೂ ಒಂದೇ ದಿನ ಮಾಡಬೇಡಿ, ಮನಸ್ಸಿಗೂ ಸರಿ ಅನಿಸಲ್ಲ, ದರ್ಶನದ ಸರದಿ ಎಷ್ಟು ಹೊತ್ತು ಹಿಡಿಯುತ್ತೆ ಅಂತ ಹೇಳಕ್ಕೂ ಆಗಲ್ಲ. ಅತ್ತೆಗೆ ಪ್ರಸಾದ ಕೊಟ್ಟು ಎರಡು ದಿನ ಆದ ಮೇಲೆ ನಾನೇ ಪೂರ್ತಿ ವಿಷಯ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ, ಅದೇ ಮುಂದಿನದು.

ಅದು ಶಾಕಾಹಾರಿನೋ, ಅಲ್ಲೋ?

ಒಳ್ಳೆ ಪ್ರಶ್ನೆ, ಅನುಭವಸ್ಥರೂ ಕೇಳೋದು ಕಡಿಮೆ. ವೈನ್ ಹಣ್ಣಿನದೇ, ಆದ್ರೆ ಕೊನೆಯಲ್ಲಿ ಅದನ್ನು ತಿಳಿಯಾಗಿಸಲು ಏನೋ ಒಂದು ಹಾಕುತ್ತಾರೆ. ಕೆಲವರು ಮೊಟ್ಟೆಯ ಬಿಳಿ, ಹಾಲಿನ ಕೇಸಿನ್, ಮೀನಿನಿಂದ ತೆಗೆದ ಅಂಟು ಬಳಸುತ್ತಾರೆ. ಇನ್ನು ಕೆಲವರು ಬೆಂಟೊನೈಟ್ ಅನ್ನುವ ಜೇಡಿಮಣ್ಣು ಬಳಸುತ್ತಾರೆ. ಇದು ಕೆಳಗೆ ಇಳಿದು ಕೂತ ಮೇಲೆ ವೈನ್ ಬೇರೆ ಮಾಡಿಕೊಳ್ಳುತ್ತಾರೆ. ನಿಮಗೆ ಇದು ಮುಖ್ಯ ಅನಿಸಿದ್ರೆ ಸುರಿಯುವವರನ್ನು 'ತಿಳಿ ಮಾಡಲು ಏನು ಹಾಕ್ತೀರಿ' ಅಂತ ನೇರ ಕೇಳಿ. ಸಂಕೋಚ ಬೇಡ, ಉತ್ತರ ಕೊಡೋದು ಅವರ ಕೆಲಸ.

ನಮ್ಮಿಬ್ಬರಲ್ಲಿ ಒಬ್ಬರೇ ತಗೊಳ್ಳೋದು. ಇನ್ನೊಬ್ಬರಿಗೆ ಬೇಜಾರಾಗಲ್ವಾ?

ರುಚಿ ನೋಡದೆ ಬರೀ ಮೂಸಿದ್ರೂ ಅರ್ಧ ವಿಷಯ ಗೊತ್ತಾಗುತ್ತೆ. ತೋಟ ತಿರುಗೋದು, ಡ್ಯಾಮಿನ ಕಡೆ ಸಂಜೆ ನೋಡೋದು, ಊಟ, ಇವೆಲ್ಲಾ ಇಬ್ಬರಿಗೂ ಇದ್ದೇ ಇವೆ. ಗರ್ಭಿಣಿಯರು, ಔಷಧಿ ತೆಗೆದುಕೊಳ್ಳುತ್ತಿರುವವರು ಮುಟ್ಟದೇ ಇರೋದು ಒಳ್ಳೆಯದು. ಮೆಟ್ರೋನಿಡಜೋಲ್ ತರದ ಮಾತ್ರೆ ನುಂಗುವಾಗ ಮದ್ಯ ಬೇಡ ಅಂತ ಡಾಕ್ಟರೇ ಹೇಳ್ತಾರೆ. ಕುಡಿಯದವರನ್ನು ಒತ್ತಾಯ ಮಾಡಿ ಕರೆದುಕೊಂಡು ಹೋಗೋದು ಮಾತ್ರ ಬೇಡ್ರಿ, ದಿನ ಪೂರ್ತಿ ಮುಖ ಊದಿಸಿಕೊಂಡು ಕೂತರೆ ಯಾವ ವೈನೂ ರುಚಿಸಲ್ಲ.

## ಹೋಗೋದು, ಬರೋದು, ಖರ್ಚು

ಹುಬ್ಬಳ್ಳಿಯಿಂದ ಹೆಂಗ ಹೋಗೋದ್ರಿ?

ಪುಣೆ ದಾರಿ. 2024ರ ಸೆಪ್ಟೆಂಬರ್‌ನಲ್ಲಿ ಶುರುವಾದ ಹುಬ್ಬಳ್ಳಿ–ಪುಣೆ ವಂದೇ ಭಾರತ್ ರೈಲು ಇದೆ, ದಿನಾ ಇಲ್ಲ, ಹಾಗಾಗಿ ದಿನ ನೋಡಿಕೊಂಡು ಬುಕ್ ಮಾಡಿ. ಪುಣೆಯಿಂದ ನಾಸಿಕ್ ಸುಮಾರು 210 ಕಿಲೋಮೀಟರ್, ನಾರಾಯಣಗಾಂವ್, ಸಂಗಮನೇರ್ ಮೇಲೆ ಬಸ್ಸು ಟ್ಯಾಕ್ಸಿ ಸಿಗುತ್ತವೆ. ಸ್ವಂತ ಕಾರಾದ್ರೆ ಬೆಳಗಾವಿ, ಕೊಲ್ಲಾಪುರ, ಸಾತಾರಾ ಮೇಲೆ ಪುಣೆ, ಒಟ್ಟು 600 ಕಿಲೋಮೀಟರ್‌ಗೂ ಜಾಸ್ತಿ. ಒಂದೇ ದಿನಕ್ಕೆ ಎಳೆದುಕೊಂಡು ಹೋಗಬೇಡಿ, ಪುಣೆಯಲ್ಲಿ ರಾತ್ರಿ ಮಲಗಿ. ನಾವು ಮಲಗಲಿಲ್ಲ. ಮರುದಿನ ಇವರು ಮೊದಲ ಗ್ಲಾಸಿಗೇ ಆಕಳಿಸುತ್ತಾ ನಿಂತಿದ್ದರು, ಸುರಿಯುತ್ತಿದ್ದ ಹುಡುಗಿ ವೈನ್ ಸರಿ ಇಲ್ಲವೇನೋ ಅಂತ ಗಾಬರಿಯಾದಳು.

ಯಾವ ತಿಂಗಳು ಛಲೋ?

ಜನವರಿಯಿಂದ ಮಾರ್ಚ್. ಆಗ ದ್ರಾಕ್ಷಿ ಕೊಯ್ಲು. ಗೊನೆ ತುಂಬಿದ ಕ್ರೇಟುಗಳು ಬಂದು ಬೀಳೋದು, ಹಿಂಡೋದು, ಟ್ಯಾಂಕಿನಲ್ಲಿ ಹುದುಗಿ ಗುಳುಗುಳು ಅನ್ನೋದು, ಎಲ್ಲಾ ಕಣ್ಣಾರೆ ನೋಡಬಹುದು. ಯುರೋಪಿನಲ್ಲಿ ಸೆಪ್ಟೆಂಬರ್ ಹೊತ್ತಿಗೆ ಕೊಯ್ಯುತ್ತಾರೆ, ನಮ್ಮಲ್ಲಿ ಚಳಿಗಾಲ ಮುಗಿಯುವಾಗ. ಯಾಕೆ ಅಂದ್ರೆ ನಮ್ಮ ಬಳ್ಳಿಗೆ ಹಿಮದ ನಿದ್ದೆ ಇಲ್ಲ, ಚಾಟ್ನಿಯಿಂದಲೇ, ಅಂದ್ರೆ ಬಳ್ಳಿ ಕತ್ತರಿಸಿಯೇ, ಅದಕ್ಕೆ ಕಾಲ ಹೇಳಿಕೊಡಬೇಕು. ವಿಜಯಪುರದ ದ್ರಾಕ್ಷಿ ಬೆಳೆಗಾರರನ್ನು ಕೇಳಿ ನೋಡಿ, ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ ಅಂತ ಎರಡು ಹೇಳ್ತಾರೆ. ನಾಸಿಕ್‌ನಲ್ಲೂ ಅದೇ ಲೆಕ್ಕ. ಏಪ್ರಿಲ್‌ನಲ್ಲಿ ಹೋದ್ರೆ ಬೋಳು ಬಳ್ಳಿ, ಮಳೆಗಾಲದಲ್ಲಿ ಹೋದ್ರೆ ಗುಡ್ಡ ಹಸಿರು ಆದ್ರೆ ಹಣ್ಣಿಲ್ಲ.

ಒಂದು ಎಚ್ಚರ. ಜನವರಿ 26ರ ರಜೆ ಸೇರಿಸಿಕೊಂಡು ಹೊರಡುವವರೇ ಜಾಸ್ತಿ, ಅವತ್ತು ಡ್ರೈ ಡೇ, ಮದ್ಯ ಮಾರಲ್ಲ! ಅಕ್ಟೋಬರ್ 2, ಆಗಸ್ಟ್ 15 ಕೂಡ. ಮತದಾನದ ದಿನಗಳನ್ನೂ ನೋಡಿಕೊಳ್ಳಿ. 2027ರಲ್ಲಿ ನಾಸಿಕ್‌ನಲ್ಲಿ ಕುಂಭಮೇಳ, ಆ ಹೊತ್ತಿಗೆ ರೂಮು ಸಿಗೋದು ದೇವರಿಗೇ ಪ್ರೀತಿ.

ಖರ್ಚು ಎಷ್ಟು ಬಂತು? ಖರೇ ಹೇಳ್ರಿ.

ರುಚಿ ನೋಡೋದಕ್ಕೆ ಒಬ್ಬರಿಗೆ ಕೆಲವು ನೂರು ರೂಪಾಯಿ, ಶನಿವಾರ ಭಾನುವಾರ ಜಾಸ್ತಿ. ದುಡ್ಡು ಹೋಗೋದು ಅಲ್ಲಲ್ಲ. ಟ್ಯಾಕ್ಸಿಗೆ, ಊಟಕ್ಕೆ, ಮತ್ತೆ 'ಇದೊಂದು ಬಾಟಲಿ ತಗೊಳ್ಳೋಣ' ಅನ್ನೋ ಮಾತಿಗೆ. ತೋಟದ ಒಳಗೇ ಇರೋ ರೆಸಾರ್ಟು ದುಬಾರಿ, ನಾವು ಊರೊಳಗೆ ಸಾದಾ ಲಾಡ್ಜಿನಲ್ಲಿದ್ದೆವು. ವಾರದ ನಡುವೆ ಹೋದ್ರೆ ದುಡ್ಡೂ ಉಳಿಯುತ್ತೆ, ಸುರಿಯುವವರಿಗೆ ನಿಮ್ಮ ಜೊತೆ ಮಾತಾಡಕ್ಕೆ ಪುರಸೊತ್ತೂ ಇರುತ್ತೆ.

ಒಂದೇ ದಿನದಲ್ಲಿ ನಾಲ್ಕೈದು ವೈನರಿ ಮುಗಿಸಬಹುದಾ?

ಲೆಕ್ಕ ಹಾಕಿ. ಒಂದು ಕಡೆ ಆರು ಬಗೆ, ತಲಾ 30 ಎಂಎಲ್, ಅಲ್ಲಿಗೆ 180. ಮೂರು ಕಡೆ ಆದ್ರೆ 540 ಎಂಎಲ್. ಬಾಟಲಿಯಲ್ಲಿರೋದೇ 750. ಅಂದ್ರೆ ಗುಟುಕು ಗುಟುಕು ಅನ್ನುತ್ತಾ ನೀವೊಬ್ಬರೇ ಮುಕ್ಕಾಲು ಬಾಟಲಿ ಹತ್ತಿರ ಬಂದಿರುತ್ತೀರಿ. ಎರಡು ಸಾಕು. ನಾವು ಮೂರು ಮಾಡಿದೆವು, ಮೂರನೆಯದರಲ್ಲಿ ಏನು ರುಚಿ ನೋಡಿದೆ ಅಂತ ನನ್ನ ನೋಟ್‌ಬುಕ್‌ನಲ್ಲಿ 'ಛಲೋ ಐತಿ' ಅಂತ ಆರು ಸಲ ಬರೆದಿದೆ, ಅಷ್ಟೇ. ಬೆಳಗ್ಗೆ ಹನ್ನೊಂದರ ಸುಮಾರಿಗೆ ಒಂದು, ಗಡದ್ದಾಗಿ ಊಟ, ನಾಲ್ಕು ಗಂಟೆಗೆ ಇನ್ನೊಂದು. ಖಾಲಿ ಹೊಟ್ಟೆಯಲ್ಲಿ ಮಾತ್ರ ಖಂಡಿತ ಬೇಡ.

ಎರಡೇ ಗುಟುಕು ಅಲ್ವಾ, ಕಾರ್ ನಾನೇ ಓಡಿಸಿದ್ರೆ ಏನಾಗುತ್ತೆ?

ಬೇಡ. ಮೇಲಿನ ಲೆಕ್ಕ ಇನ್ನೊಮ್ಮೆ ಓದಿ. ಕಾನೂನಿನ ಮಿತಿ 100 ಎಂಎಲ್ ರಕ್ತಕ್ಕೆ 30 ಮಿಲಿಗ್ರಾಂ. ಮೊದಲ ಸಲ ಸಿಕ್ಕಿಬಿದ್ರೆ 10,000 ರೂಪಾಯಿವರೆಗೆ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಅದಕ್ಕಿಂತ ದೊಡ್ಡದು ಎದುರಿಗೆ ಬರುವವರ ಜೀವ. ಇಡೀ ದಿನಕ್ಕೆ ಟ್ಯಾಕ್ಸಿ ಗೊತ್ತು ಮಾಡಿಕೊಳ್ಳಿ, ಹೋಗೋದಕ್ಕೆ ಒಂದು, ಬರೋದಕ್ಕೆ ಒಂದು ಅಂತ ಮಾಡಬೇಡಿ. ಊರಾಚೆ ಸಂಜೆ ಗಾಡಿ ಸಿಗಲ್ಲ. ನಾವು ತಾಸುಗಟ್ಟಲೆ ಗೇಟಿನ ಹತ್ತಿರ ಕೂತಿದ್ದೆವು, ವಾಚ್‌ಮನ್ ಕಾಕಾ ಕೊಟ್ಟ ಚಹಾ ಕುಡಿಯುತ್ತಾ. ಆ ಚಹಾದ ರುಚಿ ಇನ್ನೂ ನೆನಪಿದೆ, ಮೂರನೇ ವೈನರಿಯದು ನೆನಪಿಲ್ಲ.

ನಾಸಿಕ್ ದೂರ ಆಯ್ತು. ಕರ್ನಾಟಕದಲ್ಲೇ ಇಲ್ವಾ?

ಇದೆ. ನಂದಿ ಬೆಟ್ಟದ ಬುಡದಲ್ಲಿ ಗ್ರೋವರ್ ಕುಟುಂಬ 1988ರಲ್ಲೇ ಶುರು ಮಾಡಿತ್ತು, ನಾಸಿಕ್‌ನ ಸುಲಾ ವೈನರಿಯವರು ಬಳ್ಳಿ ನೆಡೋದಕ್ಕೂ ಮುಂಚೆ. ಈಗ ಅದು ಗ್ರೋವರ್ ಜಂಪಾ. ಬೆಂಗಳೂರು–ಮೈಸೂರು ರಸ್ತೆಯಲ್ಲಿ ಚನ್ನಪಟ್ಟಣದ ಹತ್ತಿರ ಸುಲಾದವರದೂ ಒಂದಿದೆ. ನಮಗೆ ಹತ್ತಿರ ಅಂದ್ರೆ ಹಂಪಿ ಕಡೆಯ ಗುಡ್ಡಗಳಲ್ಲಿ ಕೃಸ್ಮಾ ತೋಟ. ಎಲ್ಲಿಗೇ ಹೋದ್ರೂ ಮೊದಲೇ ಫೋನ್ ಮಾಡಿ ಕೇಳಿ, ಎಲ್ಲಾ ತೋಟಗಳೂ ಎಲ್ಲಾ ದಿನ ಬಾಗಿಲು ತೆಗೆದು ಕೂತಿರಲ್ಲ. ನಾವು ನಾಸಿಕ್‌ಗೇ ಹೋಗಿದ್ದು ತ್ರ್ಯಂಬಕೇಶ್ವರದ ನೆಪ ಇತ್ತು ಅಂತ, ಬೇರೆ ಕಾರಣ ಇಲ್ಲ.

## ಗ್ಲಾಸ್ ಕೈಗೆ ಬಂದ ಮೇಲೆ

ಗ್ಲಾಸ್ ಗರಗರ ತಿರುಗಿಸ್ತಾರಲ್ಲ, ಅದು ಸುಮ್ನೆ ಸ್ಟೈಲಿಗಾ?

ಅರ್ಧ ಸ್ಟೈಲು, ಅರ್ಧ ಕೆಲಸ. ತಿರುಗಿಸಿದ್ರೆ ಗಾಳಿ ಸೇರಿ ವಾಸನೆ ಮೇಲೇಳುತ್ತೆ. ಮೊದಲು ತಿರುಗಿಸದೆ ಒಮ್ಮೆ ಮೂಸಿ, ಆಮೇಲೆ ತಿರುಗಿಸಿ ಮೂಸಿ, ವ್ಯತ್ಯಾಸ ನಿಮಗೇ ಗೊತ್ತಾಗುತ್ತೆ. ಮೊದಮೊದಲು ಗ್ಲಾಸನ್ನು ಟೇಬಲ್ ಮೇಲೇ ಇಟ್ಟು ತಿರುಗಿಸಿ, ಇಲ್ಲಾಂದ್ರೆ ಅಂಗಿ ಮೇಲೆ ಬೀಳುತ್ತೆ. ಇವರ ಬಿಳಿ ಅಂಗಿ ಈಗ ಹೋಳಿಗೆ ಮೀಸಲು. ಹಿಡಿಯೋದು ಕಡ್ಡಿಯನ್ನು, ಹೊಟ್ಟೆಯನ್ನಲ್ಲ, ಕೈ ಬಿಸಿಗೆ ತಂಪು ವೈನ್ ಕೆಡುತ್ತೆ. ಗ್ಲಾಸಿನ ಒಳಗೋಡೆಯಲ್ಲಿ ಹನಿ ಹನಿ ಇಳಿಯೋದನ್ನು ತೋರಿಸಿ 'ಒಳ್ಳೆ ವೈನ್' ಅನ್ನುವವರು ಸಿಗ್ತಾರೆ. ಅದು ಆಲ್ಕೋಹಾಲ್ ಆವಿಯಾಗುವಾಗ ಆಗೋದು, ಗುಣಕ್ಕೂ ಅದಕ್ಕೂ ಸಂಬಂಧ ಇಲ್ಲ. ಮಲ್ಲಿಗೆ ಮುಡಿದು, ಸೆಂಟು ಹೊಡೆದುಕೊಂಡು ಹೋಗಬೇಡಿ. ನಾನು ಹೋಗಿದ್ದೆ. ಮೊದಲ ಮೂರು ವೈನೂ ಮಲ್ಲಿಗೆ ವಾಸನೆ ಅಂತ ಬರೆದುಕೊಂಡೆ.

ಅವರು ಬ್ಲ್ಯಾಕ್‌ಕರಂಟ್, ಗೂಸ್‌ಬೆರಿ ಅಂತಾರೆ. ನಾನು ಅವನ್ನ ತಿಂದೇ ಇಲ್ಲ, ಏನಂತ ಹೇಳಲಿ?

ಈ ಪ್ರಶ್ನೆಗಾಗಿಯೇ ನಾನು ಇಷ್ಟೆಲ್ಲಾ ಬರೆಯಲು ಕೂತಿದ್ದು. ಆ ಹೆಸರುಗಳು ಬೇರೆಯವರ ಹಿತ್ತಲಿನ ಹಣ್ಣುಗಳು. ಅವರು ಅವರ ಹಿತ್ತಲಿಗೆ ಹೋದ್ರು, ನೀವು ನಿಮ್ಮ ಹಿತ್ತಲಿಗೆ ಹೋಗಿ. ಮೊದಲ ಅರ್ಧ ಗಂಟೆ ನಾವಿಬ್ಬರೂ ತಲೆ ಆಡಿಸುತ್ತಾ ನಿಂತಿದ್ದೆವು, ಹೌದು ಹೌದು ಬ್ಲ್ಯಾಕ್‌ಕರಂಟ್ ಅಂತ. ಆಮೇಲೆ ಇವರು ಕ್ಯಾಬರ್ನೆ ಅನ್ನೋ ಕೆಂಪು ವೈನ್ ಕುಡಿದು ಮೆಲ್ಲಗೆ ನನ್ನ ಕಿವಿಯಲ್ಲಿ ಹೇಳಿದರು, 'ನೇರಳೆ ಹಣ್ಣು ತಿಂದಂಗ ಆತು, ನಾಲಿಗೆ ನೋಡು'. ಅಲ್ಲಿಂದ ದಾರಿ ಸಿಕ್ಕಿತು.

ಸೊವಿನ್ಯೋ ಬ್ಲಾಂಕ್ ಅನ್ನೋ ಬಿಳಿ ವೈನ್ ಮೂಸಿ. ಧಾರವಾಡದ ಪೇರಲ ಸಿಗಬಹುದು, ಜೊತೆಗೆ ಈಗಷ್ಟೇ ಕೊಯ್ದ ಹಸಿ ದೊಣ್ಣೆಮೆಣಸಿನಕಾಯಿ. ಇದು ಬರೀ ಕಲ್ಪನೆ ಅಲ್ಲ, ದೊಣ್ಣೆಮೆಣಸಿನಕಾಯಿಗೆ ಆ ವಾಸನೆ ಕೊಡೋ ಪೈರಜಿನ್ ಗುಂಪಿನ ವಸ್ತುವೇ ಈ ದ್ರಾಕ್ಷಿಯಲ್ಲೂ ಇದೆ. ಶಿರಾಜ್ ಅನ್ನೋ ಕೆಂಪು ವೈನಿನಲ್ಲಿ ಕರಿಮೆಣಸಿನ ಘಾಟು ಬಂದ್ರೆ ನಿಮ್ಮ ಮೂಗು ಸರಿ ಇದೆ, ಕಾಳುಮೆಣಸಿನಲ್ಲಿರೋ ರೋಟಂಡೋನ್ ಅನ್ನೋದೇ ಅದರಲ್ಲೂ ಇರೋದು. ಓಕ್ ಪೀಪಾಯಿಯಲ್ಲಿಟ್ಟ ವೈನ್ ನನಗೆ ಕೊಬ್ಬರಿ, ಲವಂಗ ನೆನಪಿಸಿತು. ನಮ್ಮಲ್ಲಿ ವಾಸನೆಗೆ ಎಷ್ಟು ಮಾತುಗಳಿವೆ ನೋಡಿ: ಘಮ, ಘಾಟು, ಸೊಗಡು, ಕಮಟು, ಮುಗ್ಗು. ಮೊದಲ ಮಳೆ ಬಿದ್ದ ಎರೆ ಮಣ್ಣು. ಹುರಿದ ಶೇಂಗಾ. ಇವನ್ನೆಲ್ಲಾ ಅಡುಗೆಮನೆಯಲ್ಲಿ ದಿನಾ ಬಳಸುವವರು ಅಲ್ಲಿ ಹೋಗಿ ಬಾಯಿ ಕಟ್ಟಿಕೊಂಡು ನಿಲ್ಲೋದು ಯಾಕೆ? ಚಿಕ್ಕ ನೋಟ್‌ಬುಕ್ ಒಯ್ದು ಕನ್ನಡದಲ್ಲೇ ಬರೆದುಕೊಳ್ಳಿ.

ಕೆಂಪು ವೈನ್ ಬಾಯಿ ಎಳದಂಗ ಆಗುತ್ತೆ. ಕೆಟ್ಟಿರುತ್ತಾ?

ಅದು ಒಗರು. ಇಂಗ್ಲಿಷಿನಲ್ಲಿ ಇದಕ್ಕೆ ಮನೆಮಾತಿನ ಒಂದು ಪದ ಹುಡುಕಿ ನೋಡಿ, ತಡಕಾಡ್ತೀರಿ. ನಮ್ಮಲ್ಲಿ ಸಣ್ಣ ಮಗುವಿಗೂ ಗೊತ್ತು: ನೇರಳೆ, ಬಾಳೆಕಾಯಿ, ಚೊಗರು ಅಡಿಕೆ. ದ್ರಾಕ್ಷಿಯ ಸಿಪ್ಪೆ ಮತ್ತು ಬೀಜದಲ್ಲಿ ಟ್ಯಾನಿನ್ ಇದೆ, ಅದು ಎಂಜಲಿನ ಪ್ರೋಟೀನನ್ನು ಹಿಡಿದುಕೊಳ್ಳುತ್ತೆ, ಬಾಯಿಯ ಜಾರುತನ ಹೋಗಿ ಒಣಗಿದ ಹಾಗಾಗುತ್ತೆ. ಗಟ್ಟಿ ಚಹಾದಲ್ಲೂ ಇದೇ ತರ ಆಗುತ್ತೆ. ಕೆಂಪು ವೈನನ್ನು ಸಿಪ್ಪೆ, ಬೀಜದ ಜೊತೆಗೇ ಹುದುಗಿಸುವುದರಿಂದ ಒಗರು ಅದರಲ್ಲಿ ಜಾಸ್ತಿ.

ಒಗರನ್ನೂ ಹುಳಿಯನ್ನೂ ಒಂದೇ ಅಂದುಕೊಳ್ಳಬೇಡಿ, ಮೊದಲ ದಿನ ಎಲ್ಲರೂ ಮಾಡುವ ತಪ್ಪು ಇದು. ನುಂಗಿದ ಮೇಲೆ ದವಡೆಯ ಹಿಂದೆ ಎರಡೂ ಕಡೆ ನೀರೂರಿದ್ರೆ ಹುಳಿ, ಮಾವಿನಕಾಯಿ ನೆನೆಸಿಕೊಂಡಾಗ ಆಗುತ್ತಲ್ಲ ಹಾಗೆ. ಒಸಡು, ಕೆನ್ನೆಯ ಒಳಭಾಗ ಒಣಗಿ ಎಳೆದ್ರೆ ಒಗರು. ಒಂದು ನೀರು ತರಿಸುತ್ತೆ, ಇನ್ನೊಂದು ನೀರು ಹೀರುತ್ತೆ. ಇಷ್ಟು ಗುರುತು ಸಿಕ್ಕಿದ್ರೆ ಅರ್ಧ ವಿದ್ಯೆ ಬಂದ ಹಾಗೆ.

ಉಗುಳೋದು ಅಸಹ್ಯ ಅಲ್ವಾ? ಅವರಿಗೆ ಅವಮಾನ ಆಗಲ್ವಾ?

ಅದಕ್ಕೇ ಅಂತ ಡಬ್ಬಿ ಇಟ್ಟಿರುತ್ತಾರೆ. ವೈನ್ ಮಾಡುವವರೇ ಉಗುಳುತ್ತಾರೆ, ಇಲ್ಲದಿದ್ರೆ ದಿನಕ್ಕೆ ಇಪ್ಪತ್ತು ಬಗೆ ನೋಡೋದು ಹೇಗೆ? ಎಲೆ ಅಡಿಕೆ ಊರಿನವರು ನಾವು, ಇದೊಂದು ವಿದ್ಯೆ ನಮಗೆ ಹೇಳಿಕೊಡಬೇಕಿಲ್ಲ. ಗುರಿ ತಪ್ಪದಿರಲಿ ಸಾಕು.

ಅವರಿಗೆ ಛಲೋ ಅನಿಸಿದ್ದು ನನಗೆ ಸೇರಲಿಲ್ಲ ಅಂದ್ರೆ?

ಸೇರದಿದ್ರೆ ಮಜಾ ಜಾಸ್ತಿ. ನಾನು ಶೆನಿನ್ ಬ್ಲಾಂಕ್ ಅನ್ನೋ ಬಿಳಿ ವೈನ್ ಕಡೆ ವಾಲಿದೆ, ಇವರು ಶಿರಾಜ್ ಕಡೆ. ಆಮೇಲೆ ಯೋಚನೆ ಮಾಡಿದ್ರೆ ಅದು ಮೊದಲೇ ಗೊತ್ತಾಗಬೇಕಿತ್ತು. ನಾನು ಮಾವಿನಕಾಯಿಗೆ ಉಪ್ಪು ಖಾರ ಹಚ್ಚಿಕೊಂಡು ತಿನ್ನುವವಳು, ನನಗೆ ಹುಳಿ ಬೇಕು. ಇವರು ಸಕ್ಕರೆ ಕಡಿಮೆ ಹಾಕಿದ ಗಟ್ಟಿ ಚಹಾ ಕುಡಿಯುವವರು, ಇವರಿಗೆ ಒಗರು ಬೇಕು. ಮದುವೆಯಾಗಿ ಹನ್ನೆರಡು ವರ್ಷ ಇವರ ಚಹಾ ಮಾಡಿಕೊಟ್ಟಿದ್ದೇನೆ, ಯಾಕೆ ಹಾಗೆ ಕುಡೀತಾರೆ ಅಂತ ಕೇಳಿರಲಿಲ್ಲ. ಒಂದು ಉಪಾಯ ಹೇಳ್ತೀನಿ: ಒಬ್ಬರ ಮುಖ ಒಬ್ಬರು ನೋಡದೆ ಬರೆದುಕೊಳ್ಳಿ, ಆಮೇಲೆ ಅದಲುಬದಲು ಮಾಡಿ ಓದಿ. ಮಾತಾಡಿ ಬರೆದ್ರೆ ಜೋರು ದನಿ ಇರುವವರ ರುಚಿಯೇ ಇಬ್ಬರ ರುಚಿ ಆಗಿಬಿಡುತ್ತೆ.

ನಮ್ಮ ಊಟಕ್ಕೆ ವೈನ್ ಹೊಂದುತ್ತಾ? ಪೇಡಾ ಜೊತೆ ಹೆಂಗ?

ಖಾರ ಜಾಸ್ತಿ ಇದ್ರೆ ಒಗರು ವೈನ್ ಬೇಡ, ಬಾಯಿ ಇನ್ನೂ ಉರಿಯುತ್ತೆ. ಮಿರ್ಚಿ, ಗಿರಮಿಟ್ ತರದ್ದಕ್ಕೆ ತಂಪಾದ ಶೆನಿನ್, ಇಲ್ಲಾ ಗುಳ್ಳೆ ಬರುವ ಸ್ಪಾರ್ಕ್ಲಿಂಗ್ ಒಳ್ಳೆಯದು. ಗುಳ್ಳೆ ಎಣ್ಣೆ ಜಿಡ್ಡನ್ನು ಬಾಯಿಂದ ಗುಡಿಸಿ ಹಾಕುತ್ತೆ. ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಜೋರು, ಖಾರಕ್ಕೆ ಮೆತ್ತಗೆ, ಹಾಗಾಗಿ ಬ್ಯಾಡಗಿ ಹಾಕಿದ ಅಡುಗೆ ಕೆಂಪು ವೈನ್ ಜೊತೆಗೂ ನಡೆಯುತ್ತೆ. ಶೇಂಗಾ ಎಳ್ಳು ಹಾಕಿದ ಬದನೆಕಾಯಿ ಎಣ್ಣೆಗಾಯಿ ಮತ್ತು ಶಿರಾಜ್ ನಾನು ಮನೆಯಲ್ಲಿ ಮಾಡಿ ನೋಡಿದ್ದು, ಜಿಡ್ಡು ಒಗರನ್ನು ನುಣ್ಣಗೆ ಮಾಡುತ್ತೆ.

ಪೇಡಾ ಕಷ್ಟ. ಸಿಹಿ ತಿಂದ ಮೇಲೆ ಅದಕ್ಕಿಂತ ಸಿಹಿ ಇಲ್ಲದ ವೈನ್ ಕುಡಿದ್ರೆ ಹುಣಸೆ ನೀರಿನ ಹಾಗಿರುತ್ತೆ. ತಡವಾಗಿ ಕೊಯ್ದ ದ್ರಾಕ್ಷಿಯ ಸಿಹಿ ವೈನ್, ಲೇಟ್ ಹಾರ್ವೆಸ್ಟ್ ಅಂತಾರೆ, ಅದರ ಜೊತೆ ಪ್ರಯತ್ನಿಸಬಹುದು. ಅದೂ ಪೇಡಾ ಮುಂದೆ ಸ್ವಲ್ಪ ಸೋಲುತ್ತೆ. ಪೇಡಾಕ್ಕೆ ಯಾವ ಜೊತೆಯೂ ಬೇಡ ಅನ್ನೋದು ನನ್ನ ತೀರ್ಪು.

## ಸ್ವಲ್ಪ ಆಳಕ್ಕೆ ಇಳಿದವರು ಕೇಳೋದು

ವಿಜಯಪುರದ ತುಂಬಾ ದ್ರಾಕ್ಷಿನೇ ಐತಲ್ಲ, ಅದರಾಗ ಯಾಕ ಮಾಡೋದಿಲ್ಲ?

ಅಲ್ಲಿ ಬಹುಪಾಲು ಥಾಮ್ಸನ್ ಸೀಡ್‌ಲೆಸ್ ಜಾತಿ, ತಿನ್ನಲು ಮತ್ತು ಒಣದ್ರಾಕ್ಷಿಗೆ. ದಪ್ಪ ತಿರುಳು, ತೆಳು ಸಿಪ್ಪೆ, ಬೀಜ ಇಲ್ಲ. ವೈನ್ ದ್ರಾಕ್ಷಿ ಇದಕ್ಕೆ ಉಲ್ಟಾ: ಸಣ್ಣ ಕಾಯಿ, ದಪ್ಪ ಸಿಪ್ಪೆ, ಬೀಜ, ಸಕ್ಕರೆ ಇನ್ನೂ ಜಾಸ್ತಿ. ರುಚಿ, ಬಣ್ಣ, ಒಗರು ಎಲ್ಲಾ ಸಿಪ್ಪೆ ಬೀಜದಿಂದಲೇ ಬರಬೇಕು. ಒಂದು ಬಾಟಲಿಗೆ ಒಂದು ಕೆಜಿಗಿಂತ ಸ್ವಲ್ಪ ಜಾಸ್ತಿ ಹಣ್ಣು ಬೇಕು. ರಾಜ್ಯ ಸರ್ಕಾರ 2007ರಲ್ಲೇ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಿದೆ, ವೈನ್ ಮಂಡಳಿಯೂ ಇದೆ, ವಿಜಯಪುರ–ಬಾಗಲಕೋಟೆ ಕಡೆ ವೈನ್ ಜಾತಿ ಹಾಕಿದವರೂ ಇದ್ದಾರೆ. ಆದ್ರೆ ಒಣದ್ರಾಕ್ಷಿ ಮಾಡಿದ್ರೆ ಕೋಲ್ಡ್ ಸ್ಟೋರೇಜಿನಲ್ಲಿಟ್ಟು ದರ ಬಂದಾಗ ಮಾರಬಹುದು. ವೈನ್ ದ್ರಾಕ್ಷಿಗೆ ವೈನರಿ ಬಿಟ್ಟು ಬೇರೆ ಗಿರಾಕಿ ಇಲ್ಲ. ರೈತರು ಲೆಕ್ಕ ಹಾಕದೆ ಇರ್ತಾರಾ?

ಬಿಳಿ ವೈನ್‌ಗೆ ಬಿಳಿ ದ್ರಾಕ್ಷಿ, ಕೆಂಪಿಗೆ ಕರಿ ದ್ರಾಕ್ಷಿ, ಹೌದಲ್ಲ?

ಸಾಮಾನ್ಯವಾಗಿ ಹೌದು. ಆದ್ರೆ ಕರಿ ದ್ರಾಕ್ಷಿ ಹಿಚುಕಿ ನೋಡಿ, ಹೆಚ್ಚಿನವುಗಳ ರಸ ಬಣ್ಣವಿಲ್ಲದ್ದೇ. ಬಣ್ಣ ಸಿಪ್ಪೆಯಲ್ಲಿದೆ. ಸಿಪ್ಪೆ ಜೊತೆ ದಿನಗಟ್ಟಲೆ ಬಿಟ್ರೆ ಕೆಂಪು, ಕೆಲವೇ ತಾಸು ಬಿಟ್ರೆ ಗುಲಾಬಿ ಬಣ್ಣದ ರೋಜೆ, ತಕ್ಷಣ ಬೇರೆ ಮಾಡಿದ್ರೆ ಬಿಳಿ. ರುಚಿ ನೋಡುವ ಸರದಿಯೂ ಅದಕ್ಕೇ ಹಗುರದಿಂದ ಭಾರದ ಕಡೆ ಇರೋದು, ಸಿಹಿಯದು ಕೊನೆಗೆ. ಉಲ್ಟಾ ಮಾಡಿದ್ರೆ ಒಗರು ತಿಂದ ನಾಲಿಗೆಗೆ ಬಿಳಿ ವೈನ್ ನೀರೇ.

ಹಳೇದ ಆದಷ್ಟೂ ರುಚಿ ಅಂತಾರಲ್ಲ, ಮಗಳ ಮದುವೆಗೆ ಇಡಲೇನು?

ಬೇಡ್ರಿ. ಇಲ್ಲಿ ಸಿಗುವ ಹೆಚ್ಚಿನ ವೈನ್ ಒಂದೆರಡು ವರ್ಷದಲ್ಲಿ ಕುಡಿಯಲು ಮಾಡಿದ್ದು, ಬಿಳಿಯದಂತೂ ಇನ್ನೂ ಬೇಗ. ವರ್ಷಗಟ್ಟಲೆ ಇಡುವಂಥವು ಕಡಿಮೆ, ಅವಕ್ಕೆ ತಂಪು ಕತ್ತಲೆ ಕೋಣೆ ಬೇಕು. ನಮ್ಮ ಏಪ್ರಿಲ್ ಬಿಸಿಲಿಗೆ ಅಟ್ಟದ ಮೇಲಿಟ್ಟ ಬಾಟಲಿ ಬೆಂದು ಹೋಗುತ್ತೆ. ಫ್ರಿಜ್ಜಿನಲ್ಲಿಡಿ, ಕೆಂಪಾದ್ರೆ ಕುಡಿಯುವ ಅರ್ಧ ಗಂಟೆ ಮುಂಚೆ ಹೊರಗೆ ತೆಗೆಯಿರಿ. ತೆರೆದ ಮೇಲೆ ಮೂರ್ನಾಲ್ಕು ದಿನ, ಅಷ್ಟೇ. ಮಿಕ್ಕಿದ್ದು ಬಿಸಾಕೋ ಮುಂಚೆ ಮೂಸಿ ನೋಡಿ: ವಿನೆಗರ್ ವಾಸನೆ ಬಂದ್ರೆ ಗಾಳಿ ಸೇರಿದೆ. ಹೊಸ ಬಾಟಲಿಯೇ ಒದ್ದೆ ಗೋಣಿಚೀಲದ ಮುಗ್ಗು ಹೊಡೆದ್ರೆ ಬಿರಡೆಯ ದೋಷ, ಅಂಗಡಿಗೆ ವಾಪಸ್ ಕೊಡಿ. ತಿರುಗಿಸುವ ಮುಚ್ಚಳ ಇದ್ರೆ ಅಗ್ಗದ ಮಾಲು ಅಂತ ಮೂಗು ಮುರಿಯಬೇಡಿ, ಅದರಲ್ಲಿ ಬಿರಡೆಯ ತಂಟೆಯೇ ಇಲ್ಲ.

ಅಲ್ಲಿಂದ ನಮಗೂ ಎರಡು ಬಾಟಲಿ ತರಬೇಕಿತ್ತಲ್ರಿ?

ಬೇರೆ ರಾಜ್ಯದಲ್ಲಿ ಕೊಂಡ ಮದ್ಯಕ್ಕೆ ಕರ್ನಾಟಕದ ತೆರಿಗೆ ಕಟ್ಟಿರಲ್ಲ, ಅನುಮತಿ ಇಲ್ಲದೆ ತರೋ ಹಾಗಿಲ್ಲ. ಗೋವಾದಿಂದ ಬರುವಾಗ ಕಾರವಾರದ ಮಾಜಾಳಿ ಚೆಕ್‌ಪೋಸ್ಟಿನಲ್ಲಿ ಡಿಕ್ಕಿ ತೆಗೆಸೋದು ನಮ್ಮ ಕಡೆಯವರಿಗೆ ಗೊತ್ತೇ ಇದೆ. ವೈನ್ ಆದ್ರೂ ಅಷ್ಟೇ. ಹೆಸರು ಬರೆದುಕೊಂಡು ಬಂದು ಇಲ್ಲೇ ಕೇಳಿ ತರಿಸಿಕೊಳ್ಳೋದು ಜಾಣತನ.

ಕೆಂಪು ವೈನ್ ಹಾರ್ಟ್‌ಗೆ ಒಳ್ಳೇದಂತಲ್ಲ?

ಹಾಗಂತ ಬಹಳ ದಿನ ಹೇಳುತ್ತಿದ್ದರು. 2023ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮದ್ಯದ ಯಾವ ಪ್ರಮಾಣವೂ ಆರೋಗ್ಯಕ್ಕೆ ಸುರಕ್ಷಿತ ಅಲ್ಲ ಅಂತ ಸ್ಪಷ್ಟವಾಗಿ ಹೇಳಿತು. ಆಲ್ಕೋಹಾಲ್ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿದೆ. ಔಷಧಿ ಅಂತ ಕುಡಿಯುವವರಿಗೆ ನನ್ನದೊಂದೇ ಮಾತು, ನೇರಳೆ ಹಣ್ಣು ತಿನ್ನಿ. ನಾವು ವರ್ಷಕ್ಕೆ ಮೂರ್ನಾಲ್ಕು ಸಲ ರುಚಿಗೆ ಅಂತ ತಗೊಳ್ಳೋದು, ಅದಕ್ಕೆ ಆರೋಗ್ಯದ ನೆಪ ಹಾಕಲ್ಲ.

ಎಲ್ಲೂ ಹೋಗದೆ ಮನೆಯಲ್ಲೇ ಈ ರುಚಿ ನೋಡೋ ಆಟ ಆಡಬಹುದಾ?

ಆಡಬಹುದು, ನಾವು ಹೋದ ತಿಂಗಳು ಆಡಿದೆವು. ಒಂದೇ ಜಾತಿಯ ದ್ರಾಕ್ಷಿಯದು, ಬೇರೆ ಬೇರೆ ವೈನರಿಯ ಎರಡು ಬಾಟಲಿ ತನ್ನಿ. ನ್ಯೂಸ್‌ಪೇಪರ್ ಸುತ್ತಿ 1, 2 ಅಂತ ಬರೆಯಿರಿ, ಸುತ್ತುವವರು ಆಟದಲ್ಲಿ ಇರಬಾರದು. ನಡುವೆ ನೀರು, ಸಾದಾ ಬ್ರೆಡ್. ಜೊತೆಗೆ ತಟ್ಟೆಯಲ್ಲಿ ಪೇರಲ, ಹಸಿ ದೊಣ್ಣೆಮೆಣಸಿನಕಾಯಿ, ಕುಟ್ಟಿದ ಕರಿಮೆಣಸು, ಲವಂಗ, ಹುಣಸೆಹಣ್ಣು ಇಡಿ, ವೈನ್ ಮೂಸಿ ಇವನ್ನು ಮೂಸಿ, ಮತ್ತೆ ವೈನ್ ಮೂಸಿ. ವೈನ್ ಬೇಡ ಅನ್ನುವವರು ಚಹಾದಲ್ಲೂ ಆಡಬಹುದು. ಒಂದು ಕಪ್ ಎರಡೇ ನಿಮಿಷ ಕುದಿಸಿದ್ದು, ಇನ್ನೊಂದು ಕಪ್ ಹತ್ತು ನಿಮಿಷ ಕುದಿಸಿದ್ದು, ಹಾಲು ಸಕ್ಕರೆ ಇಲ್ಲದೆ. ಒಗರು ಅಂದ್ರೆ ಏನು ಅಂತ ಅಲ್ಲೇ ಗೊತ್ತಾಗುತ್ತೆ.

ನಮ್ಮ ಆಟದಲ್ಲಿ ಪೇಪರ್ ಸುತ್ತಿದ್ದು ಅತ್ತೆ. ಇವರು ಎರಡನೇದು ದುಬಾರಿಯದು ಅಂತ ಪಂದ್ಯ ಕಟ್ಟಿದರು, ಅದು ಅಗ್ಗದ್ದಾಗಿತ್ತು. ಅತ್ತೆ ಕುಡಿಯಲಿಲ್ಲ, ಎರಡೂ ಗ್ಲಾಸ್ ಮೂಗಿನ ಹತ್ತಿರ ಹಿಡಿದು ಮೊದಲನೇದರಲ್ಲಿ ಲವಂಗ ಐತಿ ಅಂದ್ರು. ಬಾಟಲಿಯ ಹಿಂದೆ ಓಕ್ ಪೀಪಾಯಿ ಅಂತ ಬರೆದಿದ್ದು ಅದರ ಮೇಲೇ.